ಮೇಡಂ ತಂದಿದ್ದ ಒಗ್ಗರಣೆ ಡಬ್ಬಿ

ಇವತ್ತು ಬೆಳಿಗ್ಗೆ ಒಗ್ಗರಣೆ ಡಬ್ಬಿಯ ಮುಚ್ಚಳ ತೆಗೆದೆ. ಜೀರಿಗೆ, ಮೆಂತ್ಯದ ವಾಸನೆ ಮೂಗಿಗೆ ಬಡಿದು ಮನಸ್ಸು ಕಹಿಯಾಯಿತು. ಈ ವಾಸನೆಗೆ ನನಗೆ ನೆನಪಾಗುವುದು ಎಂಬತ್ತರ ದಶಕದ ಕೊನೆಯಲ್ಲಿ ರಾಜಾಜಿನಗರದ ಬೇಕರಿಯೊಂದರ ಮೇಲಿದ್ದ ಕಂಪ್ಯೂಟರ್ ಕ್ಲಾಸು, ಅಲ್ಲಿ ಸಿ ಭಾಷೆ ಹೇಳಿಕೊಡುತ್ತಿದ್ದ ನಮ್ಮ ಮೇಡಂ.

ದೇವರಮನೆಗೆ ಹೋದ ಹಾಗೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ಅಂಥ ಏಸಿ ರೂಮಿಗೆ ಮೇಡಂ ಒಂದು ದಿನ ಒಗ್ಗರಣೆ ಡಬ್ಬಿ ತಂದರು. "ಸಾಸಿವೆ ಒಂದು ಕಡೆ, ಜೀರಿಗೆ ಇನ್ನೊಂದು ಕಡೆ ಇಟ್ಟು ಒಲೆ ಮುಂದೆ ಹುಡುಕ್ತೀರೇನ್ರೋ? ಒಬ್ಬನ ಹೆಸರು, ನಂಬರು, ಅಂಕ ಎಲ್ಲಾ ಒಂದೇ ಡಬ್ಬೀಲಿರ್ಲಿ. ಡಬ್ಬಿ ಎತ್ತಿದ್ರೆ ಎಲ್ಲಾ ಒಟ್ಟಿಗೇ ಬರ್ಬೇಕು. ಇದೇ ಕಣ್ರೋ ಸ್ಟ್ರಕ್ಟ್!" ನಾವು ನಕ್ಕೆವು. ಆದರೆ ತಲೆಗೆ ಹೋಯಿತು.

ಕ್ಲಾಸಿನ ಓನರ್ ಸಾರ್‌ಗೆ ಅದು ಹಿಡಿಸಲಿಲ್ಲ. ನಮ್ಮ ಪರೀಕ್ಷೆಯ ಫಲಿತಾಂಶಕ್ಕೆ ಪ್ರೋಗ್ರಾಮ್ ತಾವೇ ಬರೆದರು. ಹೆಸರುಗಳ ಸಾಲು ಬೇರೆ, ಅಂಕಗಳ ಸಾಲು ಬೇರೆ. ಮೇಡಂ ಬೇಡವೆಂದರೂ ಕೇಳಲಿಲ್ಲ. ಅಂಕಗಳನ್ನಷ್ಟೇ ಹೆಚ್ಚಿನಿಂದ ಕಡಿಮೆಗೆ ಜೋಡಿಸಿದರು, ಹೆಸರುಗಳು ಹಾಜರಿಯ ಕ್ರಮದಲ್ಲೇ ಉಳಿದವು. ಹಾಜರಿಯಲ್ಲಿ ಮೊದಲು ಹೆಸರಿದ್ದ, ಪರೀಕ್ಷೆಗೇ ಬಾರದ ಹುಡುಗ ಕ್ಲಾಸಿಗೇ ಮೊದಲಿಗನಾದ! ಅವನ ಸೊನ್ನೆ ಹಾಜರಿಯ ಕೊನೆಯಲ್ಲಿದ್ದ ನನ್ನ ತಲೆಗೆ ಬಿತ್ತು.

ಮರುದಿನ ಅಪ್ಪ ಅಮ್ಮಂದಿರು ಮುಗಿಬಿದ್ದರು. ಓನರ್ ಮೇಡಂ ಕಡೆ ಕೈ ತೋರಿಸಿದರು. "ಪ್ರೋಗ್ರಾಮ್ ಇವ್ರದ್ದೇ. ಇವತ್ತಿಂದ ಇವ್ರು ಬರಲ್ಲ ಬಿಡಿ."

"ಸಾರ್, ಬರ್ದಿದ್ದು ನೀವಲ್ವಾ?" ಅಂದರು ಮೇಡಂ. ಆ ಸಂಬಳದಲ್ಲೇ ಅವರ ಮನೆ ನಡೆಯುತ್ತಿತ್ತು...

"ಅಪ್ಪಾ, ಮೇಡಂ ಅಲ್ಲ" ಅಂದೆ ನಾನು.

"ಬಾಯ್ಮುಚ್ಚೋ, ದೊಡ್ಡೋರು ಮಾತಾಡ್ತಾ ಇದೀವಿ" ಎಂದು ಗದರಿದ ಅಪ್ಪ, ಎಲ್ಲರಿಗಿಂತ ಜೋರಾಗಿ ಬೈದದ್ದು ಮೇಡಂ ಅವರನ್ನೇ. ಎಂಥ ಜನ ಸ್ವಾಮಿ! ಮೇಡಂ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು ಹೋದರು. ಡಬ್ಬಿ ಕಿಟಕಿಯಲ್ಲೇ ಉಳಿಯಿತು.

ವಾರದೊಳಗೆ ಹೊಸ ಫಲಿತಾಂಶ ಬಂತು, ಎಲ್ಲ ಸರಿಯಾಗಿತ್ತು. ಓನರ್ ಓಡಿಸಿದ್ದು ಮೇಡಂ ನಮ್ಮಿಂದ ಟೈಪ್ ಮಾಡಿಸಿದ್ದ ಸ್ಟ್ರಕ್ಟ್ ಪ್ರೋಗ್ರಾಮನ್ನೇ. ಮೇಲೆ ಮಾತ್ರ ತಮ್ಮ ಹೆಸರು ಹಾಕಿಕೊಂಡಿದ್ದರು. ಅಪ್ಪ ಹೋಗಿ ಅವರ ಕೈ ಕುಲುಕಿ ಬಂದರು. ಮೇಡಂ ಅವರನ್ನು ವಾಪಸ್ ಕರೆಯಿರಿ ಎಂದು ಒಬ್ಬರೂ ಅನ್ನಲಿಲ್ಲ. ಆ ಡಬ್ಬಿಯಲ್ಲಿ ಓನರ್ ಗುಂಡುಪಿನ್ನು ತುಂಬಿಟ್ಟುಕೊಂಡರು. ಥೂ...

ಮೇಡಂ ಆಮೇಲೆ ಎಲ್ಲಿ ಹೋದರೋ. ಇದ್ದಾರೋ ಇಲ್ಲವೋ, ಅದೂ ಗೊತ್ತಿಲ್ಲ. ಇನ್ನು ಸಿಗಲಾರರು. ಇವತ್ತು ಒಲೆಯ ಮೇಲೆ ಎಣ್ಣೆ ಹೊಗೆಯಾಡುತ್ತಿತ್ತು, ಸಾಸಿವೆ ಹಾಕಲು ಕೈ ಬರಲಿಲ್ಲ. ನನ್ನ ಹೆಸರಿನ ಮುಂದಿನ ಸೊನ್ನೆಯನ್ನು ವಾರದಲ್ಲೇ ಅಳಿಸಿದರು. ಮೇಡಂ ಹೆಸರಿನ ಮುಂದೆ ಹಾಕಿದ ಸೊನ್ನೆಯನ್ನು ಯಾರೂ ಅಳಿಸಲೇ ಇಲ್ಲ.