ಹೊಳಲ್ಕೆರೆ ಬಸ್ಸಿನಲ್ಲಿ ನನ್ನ ಹಾಡುಗಳು

ಸದ್ಯಕ್ಕೆ ನನಗೆ ಏನೇನು ಹಿಡಿಸಿದೆ ಅಂತ ಯಾರೂ ಕೇಳಿಲ್ಲ. ಕೇಳದಿದ್ದರೂ ಹೇಳ್ತೀನಿ. ಒಂಬತ್ತು ವರ್ಷ ದಿನಾ ಬೆಳಿಗ್ಗೆ ಅದನ್ನೇ ಕೇಳುವವಳೊಬ್ಬಳಿದ್ದಳು, ಈಗ ಕೇಳುವುದು ಬಿಟ್ಟಿದ್ದಾಳೆ. ನಮ್ಮ ಕಡೆಯ ‘ಐತೆ’, ‘ಹೋಗಾಣ’ಗಳನ್ನು ಬಿಡದೆ ರ‍್ಯಾಪ್ ಹಾಡುವ ಗ್ಯಾರೇಜಿನವನೊಬ್ಬನ ಹಾಡು ಒಂದು. ಕೆಳಗೆ ಬರುವ ಅಕ್ಷರ ಓದಿಕೊಂಡು ಫೋನಿನಲ್ಲಿ ನೋಡಿದ ಮಲಯಾಳಂ ಸಿನಿಮಾ ಒಂದು, ಅದರಲ್ಲಿ ಕೊನೆತನಕ ಯಾರೂ ದನಿ ಎತ್ತಿ ಮಾತಾಡುವುದಿಲ್ಲ. ಜನ ಸೇರುವ ಮುಂಚೆ ಭಾನುವಾರ ಬೆಳಿಗ್ಗೆಯ ಕೋಟೆ. ಗಾಡಿಯವನು ಪೇಪರಿನಲ್ಲಿ ಕೊಡುವ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ತಟ್ಟೆಯಲ್ಲಿ ಕೊಟ್ಟರೆ ನನಗೆ ಬೇಡವೇ ಬೇಡ. ಎಲ್ಲಕ್ಕಿಂತ ಮೇಲೆ, ನಮ್ಮ ಸೋದರತ್ತೆ ಹಾಡಿದ ಒಂದು ಬೀಸೋ ಪದ.

ಅತ್ತೆ ಹರಿಯಬ್ಬೆಯವಳು, ನನ್ನನ್ನು ಸಾಕಿದವಳು. ಫೋನ್ ಮುಂದೆ ಹಿಡಿದು ಹಾಡು ಅಂದರೆ, “ಸುಮ್ನೆ ಕುಂತ್ಕಂಡು ಯಾರಾರ ಪದ ಹೇಳ್ತಾರೇನೇ? ಕೈಗೊಂದು ಕೆಲಸ ಕೊಡು” ಅಂದಿದ್ದಳು. ಬೀಸೋ ಕಲ್ಲು ಮನೆಯಲ್ಲಿ ಇಲ್ಲದೆ ಎಷ್ಟೋ ವರ್ಷವಾಗಿತ್ತು. ಒಂದು ಮೊರ ಕಡ್ಲೆಕಾಯಿ ತಂದು ಮುಂದಿಟ್ಟೆ. ಸುಲಿಯುತ್ತ ಸುಲಿಯುತ್ತ ಅಷ್ಟೂ ಹಾಡಿದಳು, ನಡುವೆ ಒಂದು ಸಲ ಕೆಮ್ಮಿ ತನ್ನನ್ನೇ ಬೈದುಕೊಂಡಳು. ಅವಳು ಹೋಗಿ ಎರಡು ವರ್ಷವಾಯಿತು. ಆ ಪದವನ್ನು ನಾನು ಕಳಿಸಿದ್ದು ಒಬ್ಬಳಿಗೆ ಮಾತ್ರ, ಬಸ್ಸಿನ ಗೆಳತಿಗೆ.

ನಾವಿಬ್ಬರೂ ಚಿತ್ರದುರ್ಗದವರು, ಹೊಳಲ್ಕೆರೆಯ ಒಂದೇ ಶಾಲೆಯಲ್ಲಿ ಟೀಚರುಗಳು. ಹೆಂಗಸರಿಗೆ ಟಿಕೆಟ್ಟಿಲ್ಲದ ಕಾಲ ಬಂದ ಮೇಲಂತೂ ಶಿವಮೊಗ್ಗದ ಕಡೆ ಹೋಗುವ ಬಸ್ಸಿನಲ್ಲಿ ಸೀಟು ಸಿಗಬೇಕಾದರೆ ಬಸ್ಸು ನಿಲ್ಲುವ ಮುಂಚೆಯೇ ಕಿಟಕಿಯಿಂದ ಕರ್ಚೀಫು ಹಾಕಬೇಕು. ಕರ್ಚೀಫು ಬಿದ್ದ ಸೀಟಿಗೆ ಯಾರೂ ಕೈ ಹಾಕುವುದಿಲ್ಲ, ನಮ್ಮೂರಲ್ಲಿ ಅಷ್ಟು ಮರ್ಯಾದೆ ಇನ್ನೂ ಉಳಿದಿದೆ. ನಮ್ಮಿಬ್ಬರಲ್ಲಿ ಮೊದಲು ಬಂದವಳು ಎರಡರ ಸೀಟಿಗೆ ಹಾಕುವಳು. ಆಮೇಲೆ ಒಂದೇ ಇಯರ್‌ಫೋನು, ಒಂದು ತುದಿ ಅವಳ ಕಿವಿಗೆ, ಒಂದು ನನ್ನ ಕಿವಿಗೆ. ಹಾಡು ಆರಿಸುವವಳು ಮಾತ್ರ ನಾನು. “ಹೊಸದೇನೈತೆ ಹಾಕೇ” ಅನ್ನುವಳು. ಹಿಡಿಸಿದರೆ “ಕಿವಿ ಅಂದ್ರೆ ನಿಂದೇ ಕಣೆ” ಅನ್ನುವಳು. ಅದೊಂದು ಮಾತಿಗೋಸ್ಕರ ರಾತ್ರಿ ಅಡುಗೆ ಮಾಡುವಾಗೆಲ್ಲ ನಾಳೆಗೆ ಯಾವ ಹಾಡು ಅಂತ ಹುಡುಕುತ್ತಿದ್ದೆ. ಗಂಡ ಒಂದು ಸಲ ಸಾರಿಗೆ ಉಪ್ಪೇ ಇಲ್ಲ ಅಂದಾಗ, ಹಾಕ್ಕೊಳ್ರಿ, ಡಬ್ಬಿ ಅಲ್ಲೇ ಐತೆ ಅಂದಿದ್ದೆ.

ಈ ಜೂನ್‌ನಲ್ಲಿ ಹೊಸ ಟೀಚರ್ ಬಂದಳು. ಬಾಗೂರಿನ ಹುಡುಗಿ, ದುರ್ಗದಲ್ಲಿ ಅಕ್ಕನ ಮನೆಯಲ್ಲಿದ್ದು ಓಡಾಡುತ್ತಾಳೆ. ಬಂದ ಎರಡನೇ ವಾರವೇ ನನ್ನ ಗೆಳತಿ ಕರ್ಚೀಫನ್ನು ಮೂರರ ಸೀಟಿಗೆ ಹಾಕಿದಳು. ಕಿಟಕಿ ಆ ಹುಡುಗಿಗೆ. “ಅವಳಿಗೆ ಬಸ್ಸಲ್ಲಿ ವಾಂತಿ ಬರ್ತದೆ ಕಣೆ” ಅಂದಳು. ನಡುವೆ ತಾನು ಕೂತಳು. ನಾನು ಅಂಚಿಗೆ, ಕಂಡಕ್ಟರ್ ಓಡಾಡಿದಾಗಲೆಲ್ಲ ಅವನ ಚೀಲ ನನ್ನ ಭುಜಕ್ಕೆ ಬಡಿಯಬೇಕು. ಅದಾದರೂ ತಡೆದುಕೊಳ್ಳುತ್ತಿದ್ದೆ. ಇಯರ್‌ಫೋನಿಗೆ ಇರುವುದು ಎರಡೇ ತುದಿ. ಒಂದು ಹುಡುಗಿಯ ಕಿವಿಗೆ ಹೋಯಿತು, ಒಂದು ಗೆಳತಿಯ ಕಿವಿಯಲ್ಲೇ ಉಳಿಯಿತು.

ಮುಂಚೆ ಬಂದ ಕಿವಿಗಿಂತ ಆಮೇಲೆ ಬಂದ ಕೋಡೇ ಉದ್ದ ಅಂತಾರಲ್ಲ, ಹಂಗಾಯಿತು ನನ್ನ ಬಾಳು. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಬೇರೆ ಹೆಸರಿಟ್ಟು ಮುಚ್ಚಿಡುವುದೇನಿದೆ. ಆ ಹುಡುಗಿ ಸೀರೆ ನೆರಿಗೆಗೆ ಹಾಕಿದ ಪಿನ್ನು ನೋಡಿದರೆ ಆಗುತ್ತಿರಲಿಲ್ಲ, ನಕ್ಕರೆ ಆಗುತ್ತಿರಲಿಲ್ಲ. ಇಬ್ಬರೂ ಒಂದೇ ಗಳಿಗೆಗೆ ತಲೆ ಆಡಿಸಿದರೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ತಡೆಯಲಾರದೆ ಕತ್ತು ಚಾಚಿ, “ಏನದು ಹಾಡು?” ಅಂದೆ. ಗೆಳತಿ ನನ್ನ ಕಡೆ ತಿರುಗದೆ, “ನೀನು ಕೇಳಿರೋದೇ ಬಿಡು” ಅಂದಳು. ಆ ದಿನ ಶಾಲೆಯಲ್ಲಿ ಡಬ್ಬಿ ಬಿಚ್ಚುವ ಹೊತ್ತಿಗೆ ಅವಳ ಪಕ್ಕ ಕೂರಲಿಲ್ಲ. ತಲೆನೋವು ಅಂದೆ, ಅವಳು ನಂಬಿದಳು, ಅದಕ್ಕೂ ಸಿಟ್ಟು ಬಂತು.

ಮಾರನೇ ವಾರ ನಾನೇ ಮೊದಲು ಬಸ್ ಸ್ಟ್ಯಾಂಡಿಗೆ ಬಂದೆ. ಮೂರರ ಸೀಟು ಖಾಲಿ ಇತ್ತು. ಕಣ್ಣಾರೆ ನೋಡಿಯೂ ಬೇಕಂತಲೇ ಎರಡರ ಸೀಟಿಗೆ ಕರ್ಚೀಫು ಹಾಕಿದೆ. ಹತ್ತಿ ಕಿಟಕಿ ಪಕ್ಕ ಕೂತೆ. ಅವರಿಬ್ಬರೂ ಬರುವಷ್ಟರಲ್ಲಿ ಬಸ್ಸು ತುಂಬಿಹೋಗಿತ್ತು. “ಮೂರರದ್ದು ಸಿಗಲಿಲ್ಲ” ಅಂದೆ. ಗೆಳತಿ ಒಂದು ಸಲ ನನ್ನ ಮುಖ ನೋಡಿದಳು. ಆಮೇಲೆ ಹುಡುಗಿಗೆ, “ನೀನು ಕುಂತ್ಕಳಮ್ಮ, ಅವಳು ಕಿಟಕಿ ಕೊಡ್ತಾಳೆ” ಅಂದು, ತಾನು ಕಂಬಿ ಹಿಡಿದು ನಿಂತಳು. ಮಂಡಿ ನೋವಿಗೆ ಪಟ್ಟಿ ಸುತ್ತಿಕೊಂಡು ಬರುವವಳು ಅವಳು. ಬಾ, ನೀನು ಕುಂತ್ಕೋ ಅಂತ ನಾನು ಏಳಬಹುದಿತ್ತು. ಏಳಲಿಲ್ಲ. ಕಿಟಕಿ ಬಿಟ್ಟುಕೊಟ್ಟು ಮೂತಿ ಬಿಗಿದು ಕೂತೆ.

ಊರು ದಾಟಿದ ಮೇಲೆ ಹುಡುಗಿ ಮೆಲ್ಲಗೆ ಇಯರ್‌ಫೋನಿನ ಒಂದು ತುದಿ ನನ್ನ ಕಡೆ ಚಾಚಿದಳು. “ಕೇಳ್ತೀರಾ ಮೇಡಂ?” ಬೇಡ ಅನ್ನಬೇಕೆಂದಿದ್ದೆ, ಅವಳ ಆಯ್ಕೆ ಎಷ್ಟು ಕೆಟ್ಟದಿದೆ ನೋಡೋಣ ಅನ್ನುವ ಆಸೆಗೆ ಹಾಕಿಕೊಂಡೆ. ಗ್ಯಾರೇಜಿನವನ ಹಾಡು. ಅದು ಮುಗಿದರೆ ಹೋದ ವರ್ಷ ನಾನು ಗೆಳತಿಗೆ ಕೇಳಿಸಿದ ಕೊಳಲು. ಅದು ಮುಗಿದರೆ ಕಡ್ಲೆಕಾಯಿ ಸುಲಿಯುವ ಸದ್ದು, ಹಿಂದೆಯೇ ನಮ್ಮತ್ತೆಯ ದನಿ.

“ಎಲ್ಲಾ ನಿಮ್ಮವೇ ಅಂತೆ ಮೇಡಂ. ಈ ಅಕ್ಕ ಕಳಿಸಿದ್ರು,” ಅಂದು ನಿಂತಿದ್ದ ಗೆಳತಿಯ ಕಡೆ ಕಣ್ಣು ತೋರಿಸಿದಳು. “ ನಿಮ್ಮ ಜೊತೆ ಮಾತಾಡಾಕೆ ನಂಗೆ ಹೆದರಿಕೆ ಅಂದಿದ್ದೆ. ಅದಕ್ಕೆ, ಮೊದ್ಲು ಅವಳ ಹಾಡು ಕೇಳು, ಆಮೇಲೆ ಮಾತು ತಾನೇ ಬರ್ತದೆ ಅಂದ್ರು,” ಅಂದಳು. ನನ್ನ ಹಾಡುಗಳನ್ನು ಮೊದಲ ಸಲ ಕೇಳುವ ಕಿವಿ ನನ್ನ ಗೆಳತಿಗೆ ಸಿಕ್ಕಿಬಿಟ್ಟಿತ್ತು, ಆ ಸುಖ ನನ್ನದಾಗಬೇಕಿತ್ತು ಅಂತಲೇ ಅನಿಸುತ್ತಿತ್ತು. ಹುಡುಗಿ ಮತ್ತೆ ಕೇಳಿದಳು. “ಈ ಪದ ಹಾಡಿರೋರು ಯಾರು ಮೇಡಂ? ಹಿಂದೆ ಏನೋ ಚಟಪಟ ಅಂತದೆ. ಇದರ ಕತೆ ಮಾತ್ರ ಅಕ್ಕ ಹೇಳಲಿಲ್ಲ. ಅದನ್ನ ಅವಳೇ ಹೇಳ್ಬೇಕು, ಅವಳನ್ನೇ ಕೇಳು ಅಂದ್ರು.”

“ಗೊತ್ತಿಲ್ಲ,” ಅಂದೆ.

ನನ್ನ ಬಾಯಿಂದಲೇ ಬಂತು ಆ ಮಾತು. ಸಾಕಿದವಳ ದನಿ ಕಿವಿಯೊಳಗೆ ಹಾಡುತ್ತಿರುವಾಗಲೇ ಅವಳು ಯಾರೋ ಗೊತ್ತಿಲ್ಲ ಅಂದುಬಿಟ್ಟೆ. ತಲೆ ಎತ್ತಿದರೆ ಗೆಳತಿ ನನ್ನನ್ನೇ ನೋಡುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಆಚೆ ಮುಖ ಮಾಡಿಕೊಂಡು ಹೊಳಲ್ಕೆರೆ ತನಕ ನಿಂತೇ ಬಂದಳು, ಇಳಿಯುವಾಗ ಮಂಡಿ ಹಿಡಿದುಕೊಂಡು ಇಳಿದಳು. ಅವತ್ತು ತರಗತಿಯಲ್ಲಿ ಏನು ಪಾಠ ಮಾಡಿದೆನೋ ನೆನಪಿಲ್ಲ.

ಸಂಜೆ ಬಸ್ಸು ಬರುವಾಗ ಈ ವಯಸ್ಸಿನಲ್ಲೂ ಸೆರಗು ಸಿಕ್ಕಿಸಿಕೊಂಡು ಓಡಿದೆ. ಮೂರರ ಸೀಟಿಗೆ ಕರ್ಚೀಫು ಹಾಕಿದೆ, ಸಾಲದ್ದಕ್ಕೆ ಊಟದ ಡಬ್ಬಿಯ ಚೀಲವನ್ನೂ ಹಾಕಿದೆ. ಹುಡುಗಿಯನ್ನು ಕಿಟಕಿಗೆ ಕೂರಿಸಿದೆ. ಗೆಳತಿ ಅಂಚಿಗೆ ಬಂದು ಕೂತು ಕಾಲು ಚಾಚಿಕೊಂಡಳು. ನಡುವೆ ನಾನು. ಕಂಡಕ್ಟರ್ ಮೂರು ಆಧಾರ್ ಕಾರ್ಡು ನೋಡಿ ಮುಂದೆ ಹೋದ.

“ಬೆಳಿಗ್ಗೆ ಕೇಳಿದ್ಯಲ್ಲಮ್ಮ,” ಅಂದೆ ಹುಡುಗಿಗೆ. “ಆ ಚಟಪಟ ಅನ್ನೋದು ಕಡ್ಲೆಕಾಯಿ. ಸುಲೀತಾ ಹಾಡಿರೋಳು ನಮ್ಮತ್ತೆ.” ಬೆಳಿಗ್ಗೆ ಯಾಕೆ ಗೊತ್ತಿಲ್ಲ ಅಂದ್ರಿ ಅಂತ ಅವಳು ಕೇಳಲಿಲ್ಲ. ನಾನು ನನ್ನ ಫೋನ್ ತೆಗೆದು ಪದ ಹಚ್ಚಿ, ಇಯರ್‌ಫೋನಿನ ಒಂದು ತುದಿ ಅವಳಿಗೆ ಕೊಟ್ಟೆ, ಇನ್ನೊಂದನ್ನು ಗೆಳತಿಯ ತೊಡೆಯ ಮೇಲಿಟ್ಟೆ. ಅದು ಅಲ್ಲೇ ಬಿದ್ದಿತ್ತು. ಆಮೇಲೆ ಅವಳು ಎತ್ತಿ ಕಿವಿಗೆ ಹಾಕಿಕೊಂಡಳು. ಅತ್ತೆ ಕೆಮ್ಮಿ ತನ್ನನ್ನು ಬೈದುಕೊಳ್ಳುವ ಜಾಗ ಬಂತೆಂದು ಕಾಣುತ್ತದೆ, ಇಬ್ಬರೂ ಒಟ್ಟಿಗೆ ನಕ್ಕು, ನನ್ನನ್ನು ದಾಟಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಹೊಟ್ಟೆ ಉರಿಯಿತು, ಇಲ್ಲ ಅನ್ನಲ್ಲ. ಆದರೂ ಬಸ್ಸು ಗುಂಡಿಗೆ ಬಿದ್ದಾಗ ಕಿವಿಯಿಂದ ಕಿತ್ತು ಬರದಿರಲಿ ಅಂತ ಆ ವೈರನ್ನು ನನ್ನ ಮಡಿಲಲ್ಲಿ ಎರಡೂ ಕೈಯಿಂದ ಹಿಡಿದುಕೊಂಡಿದ್ದೆ, ದುರ್ಗ ಬರುವ ತನಕ.