ಒಲೆಮಣ್ಣು ತಿಂದವಳು

ಒಲೆಯ ಅಂಚಿನ ಮಣ್ಣು ಕೆರೆದು ಬಾಯಿಗೆ ಹಾಕಿಕೊಳ್ಳುವಾಗ ಅತ್ತೆ ನೋಡಿಬಿಟ್ಟರು. ಬೈಗುಳಕ್ಕೆ ಕಾದೆ. ಅವರು ನಕ್ಕರು. ನಮ್ಮ ರಾಮಗಿರಿಯಲ್ಲಿ ಸೊಸೆ ಮಣ್ಣು ತಿಂದಳೆಂದರೆ ಬಸುರಿ ಎಂದೇ ಲೆಕ್ಕ. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಸಂಜೆಯೊಳಗೆ ಸುದ್ದಿ ಕೇರಿಯೆಲ್ಲ ತಿರುಗಿತು. ನಾನೂ ನಂಬಿದೆ, ಸುಳ್ಳೇಕೆ ಹೇಳಲಿ.

ಐದನೇ ದಿನ ಮುಟ್ಟಾದೆ.

ಅತ್ತೆಗೆ ಊರ ಮುಂದೆ ತಲೆ ತಗ್ಗಿಸುವಂತಾಯಿತು. "ಬಸುರೂ ಇಲ್ಲ, ಬಯಕೆನೂ ಇಲ್ಲ, ಇವಳಿಗೆ ಮಣ್ಣಿನ ಚಟ ಐತೆ. ತವರಿಗೆ ಕಳಿಸು. ಬ್ಯಾರೆ ಹೆಣ್ಣು ನೋಡಾಣ" ಎಂದು ಮಗನಿಗೆ ನನ್ನೆದುರೇ ಹೇಳಿದರು. ಯಜಮಾನರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. ನನಗೆ ಮೈಯೆಲ್ಲ ಉರಿಯಿತು. ಒಂದು ಕೊಡ ನೀರು ತಂದರೆ ಏದುಸಿರು, ಎದ್ದು ನಿಂತರೆ ಕಣ್ಣು ಕತ್ತಲೆ. ಅದು ಯಾರಿಗೂ ಬೇಡ.

"ಕಳಿಸೋದಾದ್ರೆ ಕಳಿಸ್ರಿ" ಎಂದೆ. "ಮೊದ್ಲು ಡಾಕ್ಟ್ರಿಗೆ ತೋರಿಸ್ರಿ."

ಯಜಮಾನರು ಚಿತ್ರದುರ್ಗಕ್ಕೆ ಕರೆದೊಯ್ದರು. ಅಲ್ಲಿನ ಲೇಡಿ ಡಾಕ್ಟರು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಬ್ಲಡ್ ಟೆಸ್ಟ್ ಮಾಡಿಸಿದರು. ರಿಪೋರ್ಟ್ ಹಿಡಿದು ಯಜಮಾನರನ್ನೂ ಒಳಗೆ ಕರೆದರು.

"ಹಿಮೋಗ್ಲೋಬಿನ್ ತೀರಾ ಕಮ್ಮಿ. ಕಬ್ಬಿಣದ ಅಂಶ ಸಾಲದೆ ರಕ್ತದ ಕೆಂಪು ಕಣಗಳು ಸಣ್ಣಗಾಗಿ ಬಿಳಿಚಿಕೊಂಡಿವೆ. ಉಸಿರಾಡಿದ ಗಾಳೀನ ಮೈಗೆಲ್ಲ ಒಯ್ಯೋ ಶಕ್ತಿ ಅವಕ್ಕಿಲ್ಲ. ಮಣ್ಣು ತಿನ್ನೋ ಆಸೆನೂ ಇದ್ರಿಂದಲೇ. ಚಟ ಅಲ್ಲ ಕಣ್ರಿ, ಕಾಯಿಲೆ."

ಆಮೇಲೆ ನನ್ನ ಕಡೆ ತಿರುಗಿದರು. "ಮನೇಲಿ ಯಾವಾಗ ಊಟ ಮಾಡ್ತೀಯಮ್ಮ?"

"ಎಲ್ಲಾರದ್ದೂ ಆದ್ಮ್ಯಾಕೆ."

"ಆಗ ಏನು ಉಳಿದಿರುತ್ತೆ?"

ಹುಟ್ಟಿದಾಗಿನಿಂದ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಸೊಪ್ಪು, ಕಾಳು ಗಂಡಸರ ತಟ್ಟೆಗೆ ಹೋಗುತ್ತಿತ್ತು. ನನ್ನ ಪಾಲಿಗೆ ಅರ್ಧ ಮುದ್ದೆ, ತಿಳಿಸಾರು. ಹಾಗೇ ಹೇಳಿದೆ. ಡಾಕ್ಟರು ಕಬ್ಬಿಣದ ಗುಳಿಗೆ ಬರೆದರು, ಚೀಟಿಯನ್ನು ಯಜಮಾನರೇ ಕೈಚಾಚಿ ಇಸಿದುಕೊಂಡರು.

ಮಾರನೆಯ ದಿನ ಗಂಡಸರು ಊಟಕ್ಕೆ ಕೂತಾಗ ನನ್ನ ತಟ್ಟೆಯನ್ನೂ ತಂದು ಪಕ್ಕದಲ್ಲಿಟ್ಟು ಕೂತೆ.

"ಏನೇ ಇದು, ಮಾನ ಮರ್ಯಾದೆ ಐತೇನೇ?" ಎಂದರು ಅತ್ತೆ.

"ಐತೆ ಅತ್ತೆ. ಹಸಿವೂ ಐತೆ. ನೀವೂ ಬರ್ರಿ, ಕುಂತ್ಕಳ್ರಿ."

ಅವರು ಬರಲಿಲ್ಲ. ಆದರೆ ಯಜಮಾನರು ಬಾಯಿ ಬಿಟ್ಟರು. "ಅವ್ವಾ, ಅವಳಿಗೂ ಸೊಪ್ಪು ಬಡಿಸು."

ಮೂರು ತಿಂಗಳಿಂದ ಗುಳಿಗೆ ನುಂಗುತ್ತಿದ್ದೇನೆ. ಹೊಟ್ಟೆ ತೊಳೆಸುತ್ತದೆ, ಬಿಟ್ಟಿಲ್ಲ. ಮಣ್ಣಿನ ಆಸೆ ಹೋಯಿತು. ಆ ಡಾಕ್ಟರಮ್ಮನ ಹೊಟ್ಟೆ ತಣ್ಣಗಿರಲಿ. ಮಕ್ಕಳಾಗುತ್ತವೋ ಇಲ್ಲವೋ, ನನಗೆ ಗೊತ್ತಿಲ್ಲ. ತವರಿಗೆ ಹಬ್ಬಕ್ಕೆ ಮಾತ್ರ ಹೋಗುತ್ತೇನೆ, ಯಜಮಾನರ ಜೊತೆ. ಹಬ್ಬ ಮುಗಿಸಿ ಇದೇ ಮನೆಗೆ ಬರುತ್ತೇನೆ.