ಅಣ್ಣನ ಎಡರೆಕ್ಕೆ

ನನ್ನ ಅಣ್ಣ ಹಲ್ಲುಸೆಟ್ಟು ಮಾಡುವವನು. ದಂತವೈದ್ಯನಲ್ಲ, ಆ ಗೌರವವೆಲ್ಲ ಮುಂದಿನ ಕೋಣೆಯಲ್ಲಿ ಕೂತವರಿಗೆ. ಅವರು ಬಾಯಿಯ ಅಚ್ಚು ತೆಗೆಯುತ್ತಾರೆ, ಹಿಂದಿನ ಕೋಣೆಯಲ್ಲಿರುವ ಇವನ ಮೇಜಿಗೆ ಅದು ನಂಬರಿನ ಚೀಟಿ ಅಂಟಿಸಿಕೊಂಡು ಬರುತ್ತದೆ. ಮೂವತ್ತೊಂದು ವರ್ಷದಲ್ಲಿ ಊರಿನ ಅರ್ಧ ಜನಕ್ಕೆ ಹಲ್ಲು ಕೊಟ್ಟಿದ್ದಾನೆ, ಒಬ್ಬರ ಮುಖವೂ ಅವನಿಗೆ ಗೊತ್ತಿಲ್ಲ. ಬೀದಿಯಲ್ಲಿ ಯಾರಾದರೂ ನಕ್ಕರೆ ಮುಖ ಬಿಟ್ಟು ಹಲ್ಲು ನೋಡುತ್ತಾನೆ. "ಇನ್ನೂರ ಹದಿನೇಳು" ಎಂದು ಗೊಣಗುತ್ತಾನೆ. ಇಂಥವನಿಗೆ ಯಾರು ಹೆಣ್ಣು ಕೊಡುತ್ತಾರೆ ಹೇಳಿ? ಕೊಡಲಿಲ್ಲ. ಈಗ ಅವನಿಗೆ ಐವತ್ತೇಳು.

ನಾನು ಅವನ ಒಬ್ಬಳೇ ತಂಗಿ. ಎರಡು ಬೀದಿ ಆಚೆ ಲಾಂಡ್ರಿ ಇಟ್ಟಿದ್ದೇನೆ. ನನಗೆ ಬಾಯಿ ಜೋರು ಎಂದು ಗಿರಾಕಿಗಳು ಹೇಳಿಕೊಂಡು ತಿರುಗುತ್ತಾರೆ. ತಿರುಗಲಿ, ಮೆತ್ತಗಿದ್ದರೆ ಅವರು ಕಲೆ ಬಿದ್ದ ಅಂಗಿ ತಂದು ಕಲೆ ನೀವೇ ಮಾಡಿದ್ದು ಎನ್ನುತ್ತಾರೆ. ಪ್ರತಿ ಭಾನುವಾರ ಬೆಳಿಗ್ಗೆ ಅಣ್ಣನ ಎರಡು ಕೋಣೆಯ ಮನೆಗೆ ಹೋಗಿ ವಾರದ ಕಸ ಹೊರಹಾಕುವುದು ನನ್ನ ಪಾಲಿಗೆ ಬಂದ ಕೆಲಸ. ಕಸವೆಂದರೆ ಅಂತಿಂಥ ಕಸವಲ್ಲ. ಪ್ಲಾಸ್ಟಿಕ್ ಚೂರು, ಉಜ್ಜುಕಾಗದದ ಪುಡಿ, ತಲೆನೋವು ತರಿಸುವ ಅಂಟಿನ ವಾಸನೆ. ಅಣ್ಣ ಮಾದರಿ ವಿಮಾನ ಮಾಡುತ್ತಾನೆ.

ಡಬ್ಬಿಯಲ್ಲಿ ಬಂದದ್ದನ್ನು ಬಂದ ಹಾಗೆ ಜೋಡಿಸಿಟ್ಟಿದ್ದರೆ ನಾನು ಸುಮ್ಮನಿರುತ್ತಿದ್ದೆ. ಇವನು ಮೂರು ಕಿಟ್ ತರುತ್ತಾನೆ. ಒಂದರ ಹೊಟ್ಟೆ, ಇನ್ನೊಂದರ ಎಂಜಿನ್, ಮತ್ತೊಂದರ ಬಾಲ ಕೊಯ್ದು, ಲೋಕದಲ್ಲಿ ಎಲ್ಲೂ ಹಾರದ, ಯಾರೂ ಕಂಡು ಕೇಳದ ವಿಮಾನ ಮಾಡುತ್ತಾನೆ. ಸಂದಿ ಬಿದ್ದಲ್ಲಿ ಕೃತಕ ವಸಡಿಗೆ ಬಳಸುವ ಗುಲಾಬಿ ಪುಡಿಯನ್ನೇ ಕಲಸಿ ಮೆತ್ತುತ್ತಾನೆ. ಬಣ್ಣ ಬಳಿಯುವವರೆಗೆ ಆ ವಿಮಾನಗಳು ಈಗಷ್ಟೇ ಹಲ್ಲು ಕೀಳಿಸಿಕೊಂಡು ಬಂದ ಹಾಗೆ ಕಾಣುತ್ತವೆ. "ಇಲ್ಲದ ವಿಮಾನಕ್ಕೆ ಇಷ್ಟು ಕಷ್ಟ ಯಾಕೋ ಅಣ್ಣ?" ಎಂದು ಕೇಳುತ್ತಿದ್ದೆ. ಉತ್ತರಕ್ಕೆ ಕಾಯುತ್ತಿರಲಿಲ್ಲ, ಪೊರಕೆ ಹಿಡಿದು ಮುಂದೆ ಹೋಗುತ್ತಿದ್ದೆ.

ಮೂರು ವರ್ಷದ ಹಿಂದೆ ಕಿಟ್ ಅಂಗಡಿಯ ಬೋರ್ಡಿನಲ್ಲಿ ಬೇರೆ ಊರಿನವರದೊಂದು ಚೀಟಿ ಇತ್ತು. ನೀರಿನ ಮೇಲಿಳಿಯುವ ವಿಮಾನದ ಎಂಜಿನ್ ಎರಡು ಹೆಚ್ಚಿಗೆ ಇವೆ, ಬೇಕಾದವರು ಬರೆಯಿರಿ, ಎಂದು. ಅಣ್ಣ ಬರೆದ. ಆ ಚೀಟಿ ಹಾಕಿದವರು ನಿವೃತ್ತ ಲಿಫ್ಟ್ ಮೆಕ್ಯಾನಿಕ್. ಕಟ್ಟಡಗಳ ನೆತ್ತಿಯ ಮೇಲಿನ ಮೋಟರ್ ಕೋಣೆಗಳಲ್ಲೇ ಆಯಸ್ಸು ಕಳೆದು ಕಿವಿ ಹಾಳಾಗಿತ್ತು, ಹಾಗಾಗಿ ಫೋನಿನ ಮಾತೇ ಇಲ್ಲ, ಬರೀ ಕಾಗದ. ವಾರಕ್ಕೊಂದು ಬರುತ್ತಿತ್ತು, ವಾರಕ್ಕೊಂದು ಹೋಗುತ್ತಿತ್ತು.

ಇಬ್ಬರೂ ಸೇರಿ ಒಂದೇ ವಿಮಾನ ಮಾಡುವುದೆಂದು ನಿಶ್ಚಯವಾಯಿತು. ರಸ್ತೆಯಿಲ್ಲದ ದ್ವೀಪಗಳಿಗೆ ಟಪಾಲು ಒಯ್ಯುವ, ನೀರಿನ ಮೇಲಿಳಿಯುವ ದೊಡ್ಡ ವಿಮಾನ. ಹೊಟ್ಟೆ ಮತ್ತು ಎಡರೆಕ್ಕೆ ಅಣ್ಣನದು. ಬಲರೆಕ್ಕೆ ಮತ್ತು ಬಾಲ ಲಿಫ್ಟಿನವರದು. ಫೋಟೊ ಕಳಿಸಿಕೊಳ್ಳಬಾರದು, ಜೋಡಿಸುವ ದಿನದವರೆಗೆ ಒಬ್ಬರ ಕೆಲಸ ಇನ್ನೊಬ್ಬರು ನೋಡಬಾರದು. ಜೋಡಿಸುವುದು ನಮ್ಮೂರಿನ ಮಾದರಿಗಾರರ ಸಂಘದ ಪ್ರದರ್ಶನದಲ್ಲಿ, ಎಲ್ಲರ ಮುಂದೆ. ಬಂದ ಕಾಗದಗಳನ್ನೂ ಅಣ್ಣ ಕಳಿಸಲು ಬರೆದಿಟ್ಟಿದ್ದನ್ನೂ ಒಮ್ಮೆ ಕದ್ದು ಓದಿದ್ದೆ. ನಗು ತಡೆಯಲಾಗಲಿಲ್ಲ. "ರೆಕ್ಕೆ ಒಂದೊಂದೂ ಹದಿನಾಲ್ಕು ಮೀಟರ್ ನಲವತ್ತು ಸೆಂಟಿಮೀಟರ್ ಇರಲಿ. ಟಪಾಲು ಹೆಚ್ಚಾದರೆ ನೀರಿನಿಂದ ಮೇಲೇಳುವಾಗ ಕಷ್ಟವಾದೀತು" ಎಂದು ಇವನು. "ಅಲೆಯಿದ್ದ ದಿನ ಪೈಲಟ್ ಏನು ಮಾಡಬೇಕು, ಯೋಚಿಸಿದಿರಾ?" ಎಂದು ಅವರು. ಇಬ್ಬರು ಮುದುಕರಲ್ಲಿ ಒಬ್ಬರಾದರೂ ಇದು ಆಟಿಕೆ ಎಂದು ಎಲ್ಲೂ ಬಾಯಿಬಿಟ್ಟಿರಲಿಲ್ಲ.

ಪ್ರದರ್ಶನ ಹತ್ತಿರ ಬಂದ ಹಾಗೆ ಅಣ್ಣ ಬೇರೆಯೇ ಆದ. ಕೂದಲು ಕತ್ತರಿಸಿಕೊಂಡ. ಮನೆಗೆ ಎರಡನೇ ಕುರ್ಚಿ ತಂದ. ಇಷ್ಟು ವರ್ಷ ನಾನು ಟ್ರಂಕಿನ ಮೇಲೆ ಕೂರುತ್ತಿದ್ದೆ, ನನಗೊಂದು ಕುರ್ಚಿ ಬೇಕೆಂದು ಅವನಿಗೆ ಹೊಳೆದಿರಲಿಲ್ಲ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

"ಅವರು ಎರಡು ದಿನ ಇರ್ತಾರೆ ಪುಟ್ಟಿ," ಎಂದ. ಐವತ್ತೆರಡಾದರೂ ನಾನು ಅವನಿಗೆ ಪುಟ್ಟಿಯೇ. "ಜೋಡಿಸಿದ್ಮೇಲೆ ಬಣ್ಣ ಹಚ್ಚೋದಿದೆ. ಜೊತೇಲಿ ಕೂತು ಹಚ್ತೀವಿ." ಅಷ್ಟು ಉದ್ದದ ಮಾತು ಅವನ ಬಾಯಲ್ಲಿ ನಾನು ಕೇಳಿ ಎಷ್ಟು ಕಾಲವಾಗಿತ್ತೋ!

ಪ್ರದರ್ಶನದ ದಿನ ಅಂಗಡಿ ಮುಚ್ಚಿ ನಾನೂ ಹೋದೆ. ಲಿಫ್ಟಿನವರು ಉದ್ದಕ್ಕೆ, ಸಣ್ಣಕ್ಕೆ ಇದ್ದರು. ಬಸ್ಸಿನಲ್ಲಿ ಐದು ತಾಸು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದರಂತೆ. ಮೂರು ವರ್ಷ ಕಾಗದ ಬರೆದವರು ಎದುರು ನಿಂತು ಏನು ಮಾತಾಡಿದರು ಗೊತ್ತೇ?

"ಬಂದ್ರಾ?"

"ಬಂದೆ," ಎಂದರು ಅವರು, ಅಣ್ಣನ ತುಟಿ ನೋಡಿ.

ಮುಗಿಯಿತು. ಇಬ್ಬರೂ ಪಕ್ಕಪಕ್ಕದಲ್ಲಿ ಕೂತು ಕಟ್ಟು ಬಿಚ್ಚಿದರು. ಜನ ಸುತ್ತ ಸೇರಿದರು. ಅಣ್ಣನ ಎಡರೆಕ್ಕೆ ಒಂದು ಗೇಣಿತ್ತು. ಅವರ ಬಲರೆಕ್ಕೆ ಒಂದೂವರೆ ಗೇಣು.

ಸಂಘದ ಕಾರ್ಯದರ್ಶಿ ಆಮೇಲೆ ನನಗೆ ಬಿಡಿಸಿ ಹೇಳಿದರು. ಮಾದರಿ ವಿಮಾನಗಳಲ್ಲಿ ಎರಡು ಅಳತೆ ಹೆಚ್ಚು ಬಳಕೆಯಲ್ಲಿವೆಯಂತೆ, ನಿಜವಾದ ವಿಮಾನದ ಎಪ್ಪತ್ತೆರಡರಲ್ಲೊಂದು ಪಾಲು ಮತ್ತು ನಲವತ್ತೆಂಟರಲ್ಲೊಂದು ಪಾಲು. ಅಣ್ಣ ಹುಟ್ಟಿದಾಗಿನಿಂದ ಮೊದಲನೆಯದರವನು. ಅವರು ಎರಡನೆಯದರವರು. ಕಾಗದದಲ್ಲೆಲ್ಲ ಇಬ್ಬರೂ ನಿಜವಾದ ಮೀಟರ್ ಲೆಕ್ಕದಲ್ಲೇ ಮಾತಾಡಿದ್ದರು. ಯಾವ ಪಾಲು ಎಂದು ಕೇಳಿದರೆ ಆ ವಿಮಾನ ಪ್ಲಾಸ್ಟಿಕ್ಕಿನದು ಎಂದು ಒಪ್ಪಿಕೊಂಡ ಹಾಗಲ್ಲವೇ? ಕೇಳಿರಲಿಲ್ಲ.

ಆ ಹೊತ್ತಿಗೆ ಇದೆಲ್ಲ ನನಗೆಲ್ಲಿ ತಿಳಿಯಬೇಕು? ಎರಡು ರೆಕ್ಕೆ ನೋಡಿದೆ, ಬಾಯಿಗೆ ಬಂದದ್ದು ಬಂದೇಬಿಟ್ಟಿತು. "ಅಯ್ಯೋ ದೇವರೇ, ಕುಂಟ ಕಾಗೆ!" ಎಂದು ಗಟ್ಟಿಯಾಗಿ ನಕ್ಕೆ. ಅಲ್ಲಿಯವರೆಗೆ ಯಾರೂ ನಕ್ಕಿರಲಿಲ್ಲ. ನಾನು ನಕ್ಕ ಮೇಲೆ ಇಡೀ ಹಾಲ್ ನಕ್ಕಿತು. ಅಣ್ಣ ತಲೆಯೆತ್ತಲಿಲ್ಲ. ಲಿಫ್ಟಿನವರು ನನ್ನನ್ನು ನೋಡಿದರು, ಅಣ್ಣನನ್ನು ನೋಡಿದರು, ನಿಧಾನವಾಗಿ ರೆಕ್ಕೆಯನ್ನು ಬಟ್ಟೆಯಲ್ಲಿ ಸುತ್ತಿಟ್ಟುಕೊಂಡರು. ಮಧ್ಯಾಹ್ನದ ಬಸ್ಸಿಗೆ ಹೊರಟೇಹೋದರು. ಅವರು ಬಾಗಿಲು ದಾಟುವಾಗ ಅಣ್ಣ ತನ್ನ ರೆಕ್ಕೆಯನ್ನು ಕಟ್ಟುತ್ತಿದ್ದ.

ಆಮೇಲೆ ಕಾಗದ ನಿಂತಿತು. ಒಂದು ವಾರ, ಎರಡು ವಾರ, ಎರಡು ತಿಂಗಳು. ಅಣ್ಣ ಹೊಸ ಕಿಟ್ ತರಲಿಲ್ಲ. ಭಾನುವಾರ ಹೋದರೆ ಗುಡಿಸಲು ಕಸವೇ ಇಲ್ಲ. ಅವನು ಖಾಲಿ ಮೇಜಿನ ಮುಂದೆ ಕೈಕಟ್ಟಿ ಕೂತಿರುತ್ತಿದ್ದ. ನನ್ನ ಹಾಳು ನಾಲಿಗೆಗೆ ಬೆಂಕಿ ಹಾಕಬೇಕು ಎನ್ನಿಸಿತು. ಅವನಿಗೆ ಇದ್ದವರು ಅವರೊಬ್ಬರು, ಅವರನ್ನೂ ಓಡಿಸಿದೆನಲ್ಲ! ಕೊನೆಗೆ ಹಳೆಯ ಲಕೋಟೆಯಿಂದ ವಿಳಾಸ ತೆಗೆದುಕೊಂಡು ನಾನೇ ಬರೆದೆ. ಮೊದಲು ನಕ್ಕವಳು ನಾನು, ಅವನ ತಂಗಿ, ಕೋಪವಿದ್ದರೆ ನನ್ನ ಮೇಲಿರಲಿ, ಅಣ್ಣನಿಗೊಂದು ಸಾಲು ಬರೆಯಿರಿ, ಎಂದು.

ಉತ್ತರ ಲಾಂಡ್ರಿಗೆ ಬಂತು. ಕೌಂಟರಿನಲ್ಲಿ ನಿಂತೇ ಓದಿದೆ.

"ಅಮ್ಮಾ, ನೀವು ನಕ್ಕದ್ದು ನನಗೆ ಕೇಳಿಸಲೇ ಇಲ್ಲ, ನನ್ನ ಕಿವಿ ಅಂಥದು. ಅಳತೆ ತಪ್ಪಿದ್ದಕ್ಕೂ ಬೇಜಾರಿಲ್ಲ, ಮತ್ತೆ ಮಾಡಬಹುದಿತ್ತು. ಅಲ್ಲಿ ಒಬ್ಬರು, 'ಇವರು ನಿಮ್ಮ ಸ್ನೇಹಿತರ ತಂಗಿ' ಎಂದು ನಿಮ್ಮನ್ನು ತೋರಿಸಿದರು. ಮೂರು ವರ್ಷದಲ್ಲಿ ಅವರು ತಂಗಿ ಇದ್ದಾಳೆಂದು ಒಮ್ಮೆಯೂ ಬರೆದಿರಲಿಲ್ಲ. ನನ್ನ ಹಾಗೆ ಅವರಿಗೂ ಯಾರೂ ಇಲ್ಲ ಎಂದುಕೊಂಡಿದ್ದೆ. ನಿಮ್ಮನ್ನು ನೋಡಿದ ಮೇಲೆ ಅಲ್ಲಿ ನನಗೇನು ಕೆಲಸ ಎನ್ನಿಸಿತು."

ಅಂಗಡಿಗೆ ಬೀಗ ಜಡಿದು ನೇರ ಅಣ್ಣನ ಮನೆಗೆ ಹೋದೆ. ಜಗಳ ಕಾಯಲೆಂದೇ ಹೋದೆ. ಕಾಗದವನ್ನು ಅವನ ಮುಂದೆ ಹಾಕಿದೆ.

"ಮೂರು ವರ್ಷ ಬರೆದ್ಯಲ್ಲ, ನನ್ನ ಬಗ್ಗೆ ಒಂದು ಸಾಲೂ ಸಿಗ್ಲಿಲ್ವಾ? ನಾನೇನು ಸತ್ತುಹೋಗಿದ್ನಾ?"

ಅವನು ಎರಡು ಸಲ ಓದಿದ. ಕನ್ನಡಕ ತೆಗೆದು ಒರೆಸಿಕೊಂಡ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

"ಏನಂತ ಬರೀಲಿ ಪುಟ್ಟಿ? ಬರ್ತೀಯ, ಗುಡಿಸ್ತೀಯ, ಬೈತೀಯ, ಹೋಗ್ತೀಯ."

ಅಷ್ಟು ವರ್ಷದಲ್ಲಿ ಅವನನ್ನು ನಾನು ಕೇಳಿದ್ದೆಲ್ಲ ಯಾಕೋ, ಎಷ್ಟೋ, ಇನ್ನೂ ಎಷ್ಟು ದಿನವೋ ಎಂಬುದಷ್ಟೇ. ಅವರಿಗೆ ಇವತ್ತೇ ಬರಿ, ನಲವತ್ತೆಂಟರ ಲೆಕ್ಕದಲ್ಲೇ ಮತ್ತೆ ಶುರು ಮಾಡೋಣ ಅಂತ ಬರಿ ಎಂದೆ. ತಲೆಯಾಡಿಸಿದ. ಎರಡನೇ ಕುರ್ಚಿಯನ್ನು ಎಳೆದುಕೊಂಡು ಕೂತೆ. ಆಮೇಲೆ ಕೇಳಿದೆ.

"ಅಣ್ಣ, ಆ ವಿಮಾನ ಮೊದಲು ಯಾವ ದ್ವೀಪಕ್ಕೆ ಹೋಗುತ್ತೆ?"

ಅವನು ತಲೆಯೆತ್ತಿ ನನ್ನ ಮುಖವನ್ನೇ ನೋಡಿದ, ಗೇಲಿ ಮಾಡುತ್ತಿದ್ದಾಳೋ ಏನೋ ಎಂದು, ತುಂಬ ಹೊತ್ತು ನೋಡಿದ.